ಎರಡನೇ ಹಾರ್ಡ್ ಡಿಸ್ಕ್ ಹಾಕಿದ್ದಾಯಿತು, ಆದರೆ ಕಾಣುತ್ತಿಲ್ಲ: ಒಂದು ಮನೆ ಕಂಪ್ಯೂಟರ್‌ನ ಪ್ರಕರಣ ಅಧ್ಯಯನ

ದಾವಣಗೆರೆಯ ಒಂದು ಮನೆ. ಕೆಲವು ವರ್ಷಗಳ ಹಿಂದೆ ಅಸೆಂಬಲ್ ಮಾಡಿಸಿದ ಕಂಪ್ಯೂಟರ್: ರೈಜನ್ 5 2600 ಪ್ರೊಸೆಸರ್, ಬಿ450 ಚಿಪ್‌ಸೆಟ್‌ನ ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, ಸಣ್ಣದೊಂದು ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್‌ನ ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಪೆಟ್ಟಿಗೆ), ವಿಂಡೋಸ್ 11. ಡಿಸ್ಕ್ ಅಂತ ಇದ್ದದ್ದು 256 ಜಿಬಿಯ ಎಂ.2 ಎನ್‌ವಿಎಂಇ ಎಸ್‌ಎಸ್‌ಡಿ (ಮದರ್‌ಬೋರ್ಡ್‌ಗೇ ನೇರ ಸಿಕ್ಕಿಸುವ, ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಒಂದೇ. ವಿಂಡೋಸ್ ಲೆಕ್ಕದಲ್ಲಿ ಅದು 238 ಜಿಬಿ. ಸಿ ಡ್ರೈವ್‌ನಲ್ಲಿ ಉಳಿದದ್ದು 6 ಜಿಬಿ; ಪಟ್ಟಿ ಕೆಂಪಗಾಗಿತ್ತು, ಅಪ್‌ಡೇಟ್‌ಗಳು ಅರ್ಧಕ್ಕೇ ನಿಂತುಹೋಗುತ್ತಿದ್ದವು. ಫೋನ್‌ಗಳಿಂದ ಇಳಿಸಿಟ್ಟ ಫೋಟೋ, ವಿಡಿಯೋಗಳೇ 112 ಜಿಬಿ, ಮನೆಯ ಕಾಗದಪತ್ರ 9 ಜಿಬಿ. ಇದಲ್ಲದೆ ಹಿಂದಿನ ಕಂಪ್ಯೂಟರ್‌ನಿಂದ ಬಿಚ್ಚಿ ಬೀರುವಿನಲ್ಲಿ ಇಟ್ಟಿದ್ದ 500 ಜಿಬಿಯ ಹಳೇ ಹಾರ್ಡ್ ಡಿಸ್ಕ್‌ನಲ್ಲಿ 318 ಜಿಬಿ: ಮದುವೆಯ ವಿಡಿಯೋ, ಮಕ್ಕಳ ಎಳವೆಯ ಫೋಟೋ, ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತಗಳು. ಇವೆಲ್ಲದರ ಪ್ರತಿ ಬೇರೆಲ್ಲೂ ಇರಲಿಲ್ಲ.

ಬೇಕಿದ್ದದ್ದು ಇಷ್ಟೇ: ಎರಡನೇ ಡಿಸ್ಕ್ ಹಾಕಿ ಎಲ್ಲವನ್ನೂ ಅದರಲ್ಲಿ ಒಟ್ಟುಗೂಡಿಸುವುದು, ಸಿ ಡ್ರೈವ್‌ಗೆ ಉಸಿರಾಡಲು ಜಾಗ ಮಾಡಿಕೊಡುವುದು. ತಿರುಪು ಹಾಕಿ ಕೇಬಲ್ ಸಿಕ್ಕಿಸಲು ಇಪ್ಪತ್ತು ನಿಮಿಷ ಸಾಕಾಯಿತು. ಉಳಿದದ್ದಕ್ಕೆ ಎರಡು ದಿನ ಹಿಡಿಯಿತು. ಆ ಎರಡು ದಿನ ಎಲ್ಲೆಲ್ಲಿ ಹೋದವು ಎಂಬುದೇ ಈ ಬರಹ.

ಯಾವ ಡಿಸ್ಕ್

ತಂದದ್ದು 4 ಟಿಬಿಯ 3.5 ಇಂಚಿನ ಸಾಟಾ (ಕೇಬಲ್ ಮೂಲಕ ಮದರ್‌ಬೋರ್ಡ್‌ಗೆ ಸೇರುವ ಬಗೆ) ಹಾರ್ಡ್ ಡಿಸ್ಕ್. ಬರೀ ಫೋಟೋ, ವಿಡಿಯೋ ಕೂಡಿಡುವುದಕ್ಕೆ ಎಸ್‌ಎಸ್‌ಡಿಯ ವೇಗ ಬೇಕಿಲ್ಲ. ಕೊಟ್ಟ ದುಡ್ಡಿಗೆ ಹೆಚ್ಚು ಜಾಗ ಸಿಗುವುದು ತಿರುಗುವ ಡಿಸ್ಕ್‌ನಲ್ಲೇ. ಕೊಳ್ಳುವ ಮುನ್ನ ಕಂಪನಿಯ ವಿವರಪಟ್ಟಿಯಲ್ಲಿ ಡಿಸ್ಕ್ ಸಿಎಂಆರ್ (ಬರಹದ ಸಾಲುಗಳು ಬಿಡಿಬಿಡಿಯಾಗಿರುವ) ಬಗೆಯದೋ ಎಸ್‌ಎಂಆರ್ ಬಗೆಯದೋ ನೋಡಬೇಕು. ಡಬ್ಬದ ಮೇಲೆ ಇದು ಬರೆದಿರುವುದು ಅಪರೂಪ. ಎಸ್‌ಎಂಆರ್‌ನಲ್ಲಿ ಬರಹದ ಸಾಲುಗಳು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೊಂದು ಕೂರುತ್ತವೆ. ಹಾಗಾಗಿ ಇದ್ದದ್ದನ್ನು ಅಳಿಸಿ ಹೊಸದು ಬರೆಯುವಾಗ ಪಕ್ಕದ ಸಾಲುಗಳನ್ನೂ ಮತ್ತೆ ಬರೆಯಬೇಕಾಗುತ್ತದೆ. ದೊಡ್ಡ ನಕಲಿನ ನಡುವೆ ವೇಗ ಒಮ್ಮೆಲೇ ಕುಸಿಯುತ್ತದೆ. ಒಮ್ಮೆ ತುಂಬಿ ಬರೀ ನೋಡುವ ಫೋಟೋಗಳಿಗೆ ಅದೂ ನಡೆಯುತ್ತದೆ. ದಿನವೂ ವಿಡಿಯೋ ಎಡಿಟ್ ಮಾಡುವವರು, ಹಲವು ಡಿಸ್ಕ್ ಒಟ್ಟುಗೂಡಿಸಿ ರೇಡ್ ಕಟ್ಟುವವರು ಮಾತ್ರ ಸಿಎಂಆರ್ ಅನ್ನೇ ಕೇಳಿ ತರಬೇಕು. ಈ ಮನೆಗೆ ಬಂದದ್ದು ಎಸ್‌ಎಂಆರ್.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಬಿಲ್ ಬೇಕೇ ಬೇಕು. ಡಿಸ್ಕ್‌ನ ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ, ಭಾರತದಲ್ಲಿ ವಾರಂಟಿ ಇದೆಯೇ ಎಂದು ಅಂದೇ ನೋಡಿಕೊಳ್ಳಬೇಕು.

ಕ್ಯಾಬಿನೆಟ್ ಒಳಗೆ

ಶಟ್‌ಡೌನ್ ಮಾಡಿ, ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ ಆರಿಸಿ, ವಯರ್ ಕಿತ್ತು, ಮುಂದಿನ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ ಇಳಿದುಹೋಗುತ್ತದೆ. ಡಿಸ್ಕ್ ಮುಟ್ಟುವ ಮುನ್ನ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಬೇಕು.

3.5 ಇಂಚಿನ ಡಿಸ್ಕ್‌ಗೆ ದಪ್ಪ ಎಳೆಯ ಸ್ಕ್ರೂ. ಎಸ್‌ಎಸ್‌ಡಿ ಮತ್ತು ಡಿವಿಡಿ ಡ್ರೈವ್‌ಗೆ ಬರುವ ಸಣ್ಣ ಎಳೆಯ ಎಂ3 ಸ್ಕ್ರೂ ಇದಕ್ಕೆ ಕೂರುವುದಿಲ್ಲ. ಬಲವಂತ ಮಾಡಿದರೆ ಎಳೆ ಕಿತ್ತುಹೋಗುತ್ತದೆ. ಎರಡೂ ಬದಿಗೆ ಎರಡೆರಡರಂತೆ ನಾಲ್ಕು ಸ್ಕ್ರೂ ಹಾಕಬೇಕು. ಒಂದೇ ಬದಿಗೆ ಬಿಗಿದರೆ ಡಿಸ್ಕ್ ನಡುಗುತ್ತದೆ, ಕ್ಯಾಬಿನೆಟ್ ಗುಂಯ್‌ಗುಡುತ್ತದೆ.

ಡಿಸ್ಕ್‌ಗೆ ಎರಡು ಕೇಬಲ್: 15 ಪಿನ್ನಿನ ಪವರ್, 7 ಪಿನ್ನಿನ ಡೇಟಾ. ಎರಡರ ಬಾಯಿಯೂ ಇಂಗ್ಲಿಷಿನ ಎಲ್ ಅಕ್ಷರದ ಆಕಾರ, ಒಂದೇ ದಿಕ್ಕಿಗೆ ಕೂರುತ್ತದೆ. ಕ್ಲಿಪ್ ಇರುವ ಡೇಟಾ ಕೇಬಲ್ ಕಟಕ್ ಎನ್ನುವವರೆಗೆ ಒತ್ತಬೇಕು. ಡಿಸ್ಕ್ ಓಡುವಾಗ ಎಳೆಯುವುದು ಬರೀ 5ರಿಂದ 7 ವ್ಯಾಟ್. ತಿರುಗಲು ಶುರುವಾಗುವ ಗಳಿಗೆಯಲ್ಲಿ ಮಾತ್ರ ಸುಮಾರು 2 ಆಂಪಿಯರ್, ಅದೂ 12 ವೋಲ್ಟ್ ತಂತಿಯಿಂದ. 450 ವ್ಯಾಟ್‌ಗೆ ಇದು ಭಾರವೇ ಅಲ್ಲ.

ಪವರ್ ಕನೆಕ್ಟರ್ ಸಾಲದೇ ಹೋದಾಗ ಅಂಗಡಿಯವರು ಮೋಲೆಕ್ಸ್ ಎಂಬ ಹಳೇ ನಾಲ್ಕು ಪಿನ್ನಿನ ಕನೆಕ್ಟರ್‌ನಿಂದ ಸಾಟಾಗೆ ಬದಲಿಸುವ ಪುಟ್ಟ ವಯರ್ ಕೊಡುತ್ತಾರೆ. ಅವುಗಳಲ್ಲಿ ತಂತಿಗಳ ಸುತ್ತ ಪ್ಲಾಸ್ಟಿಕ್ ಕರಗಿಸಿ ಎರಕ ಹೊಯ್ದ ಬಗೆಯನ್ನು ದಯವಿಟ್ಟು ಬಳಸಬೇಡಿ. ಒಳಗೆ ತಂತಿಗಳು ಒಂದಕ್ಕೊಂದು ಸರಿದು, ಶಾರ್ಟ್ ಆಗಿ ಹೊತ್ತಿಕೊಂಡ ನಿದರ್ಶನಗಳು ಬೇಕಾದಷ್ಟಿವೆ. ಹಿಂಬದಿಯ ಮುಚ್ಚಳ ತೆಗೆದು ಪ್ರತಿ ತಂತಿಯನ್ನೂ ಬಿಡಿಬಿಡಿಯಾಗಿ ನೋಡಬಹುದಾದ ಬಗೆ ವಾಸಿ. ಬಿಡಿ ಕೇಬಲ್‌ಗಳ ಮಾಡ್ಯುಲರ್ ಎಸ್‌ಎಂಪಿಎಸ್ ಇದ್ದರೆ ಇನ್ನೊಂದು ಎಚ್ಚರ: ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಬಾಯಿ ಸರಿಹೊಂದಿದರೂ ಪಿನ್ನಿನ ಜೋಡಣೆ ಬೇರೆಯಿರಬಹುದು. 5 ವೋಲ್ಟ್ ಇರಬೇಕಾದಲ್ಲಿ 12 ವೋಲ್ಟ್ ಬಂದರೆ ಡಿಸ್ಕ್ ಅಲ್ಲಿಗೇ ಮುಗಿಯಿತು.

ಮೊದಲ ತಡೆ: ತಿರುಗುತ್ತದೆ, ಕಾಣುವುದಿಲ್ಲ

ಸ್ವಿಚ್ ಹಾಕಿದರು. ವಿಂಡೋಸ್ ಬಂತು, ಹೊಸ ಡ್ರೈವ್ ಬರಲಿಲ್ಲ. ಇಂಥ ಹೊತ್ತಿನಲ್ಲಿ ವಿಂಡೋಸ್ ಒಳಗೆ ಹುಡುಕುತ್ತ ಕೂರುವ ಮುನ್ನ ಡಿಸ್ಕ್ ಎಷ್ಟು ದೂರ ಬಂದು ನಿಂತಿದೆ ಎಂದು ಕಂಡುಕೊಳ್ಳಬೇಕು. ಡಿಸ್ಕ್‌ನ ಮೈಮೇಲೆ ಬೆರಳಿಟ್ಟರೆ ಸಣ್ಣ ಅದುರು ಕೈಗೆ ಹತ್ತುತ್ತಿತ್ತು, ಅಂದರೆ ಪವರ್ ಸರಿಯಿದೆ. ಡಿಲೀಟ್ ಕೀ ಒತ್ತಿ ಬಯೋಸ್‌ಗೆ (ವಿಂಡೋಸ್‌ಗೂ ಮುಂಚೆ ಓಡುವ, ಮದರ್‌ಬೋರ್ಡ್‌ನ ಸ್ವಂತ ತಂತ್ರಾಂಶ) ಹೋದರೆ ಸಾಟಾ ಪಟ್ಟಿಯಲ್ಲಿ ಎಲ್ಲ ಪೋರ್ಟ್‌ಗಳೂ ಖಾಲಿ. ಅಂದಮೇಲೆ ತೊಂದರೆ ಡೇಟಾ ಕೇಬಲ್‌ನದು, ಇಲ್ಲವೇ ಪೋರ್ಟ್‌ನದು. ವಿಂಡೋಸ್‌ಗೂ ಇದಕ್ಕೂ ಸಂಬಂಧವಿಲ್ಲ.

ಕೇಬಲ್ ಹಾಕಿದ್ದು ಕೈಗೆ ಸಲೀಸಾಗಿ ಸಿಗುತ್ತಿದ್ದ 5ನೇ ಪೋರ್ಟ್‌ಗೆ. ಮದರ್‌ಬೋರ್ಡ್‌ನ ಕೈಪಿಡಿಯಲ್ಲಿ, ಎಂ.2 ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ ಕಾರಣ ಬರೆದಿತ್ತು: ಎಂ.2 ಜಾಗದಲ್ಲಿ ಎನ್‌ವಿಎಂಇ ಎಸ್‌ಎಸ್‌ಡಿ ಇದ್ದರೆ 5 ಮತ್ತು 6ನೇ ಸಾಟಾ ಪೋರ್ಟ್‌ಗಳು ಕೆಲಸ ಮಾಡುವುದಿಲ್ಲ. ಈ ಪೀಳಿಗೆಯ ರೈಜನ್ ಪ್ರೊಸೆಸರ್ ಶೇಖರಣೆಗೆಂದು ನಾಲ್ಕು ಪಿಸಿಐಇ ಲೇನ್‌ಗಳನ್ನು (ಡೇಟಾ ಓಡುವ ದಾರಿಗಳು) ಬಿಟ್ಟುಕೊಡುತ್ತದೆ. ನಾಲ್ಕನ್ನೂ ಎನ್‌ವಿಎಂಇಗೆ ಕೊಡಬಹುದು, ಇಲ್ಲವೇ ಎರಡನ್ನು ಅದಕ್ಕೆ ಕೊಟ್ಟು ಉಳಿದೆರಡರಲ್ಲಿ ಎರಡು ಸಾಟಾ ಪೋರ್ಟ್ ನಡೆಸಬಹುದು. ಎಸ್‌ಎಸ್‌ಡಿ ನಾಲ್ಕನ್ನೂ ಹಿಡಿದರೆ ಆ ಎರಡು ಪೋರ್ಟ್ ಸತ್ತಂತೆಯೇ. ಯಾವ ನಂಬರಿನ ಪೋರ್ಟ್ ಎಂಬುದು ಬೋರ್ಡ್‌ನಿಂದ ಬೋರ್ಡ್‌ಗೆ ಬೇರೆಯಾಗುತ್ತದೆ, ಕೆಲವು ಬೋರ್ಡ್‌ಗಳಲ್ಲಿ ಈ ಹಂಚಿಕೆಯೇ ಇರುವುದಿಲ್ಲ. ಕೈಪಿಡಿ ನೋಡದೆ ಊಹಿಸಲು ಬರುವುದಿಲ್ಲ. ಕೇಬಲನ್ನು ಪ್ರೊಸೆಸರ್‌ನಿಂದಲ್ಲದೆ ಚಿಪ್‌ಸೆಟ್‌ನಿಂದ (ಮದರ್‌ಬೋರ್ಡ್‌ನ ನಿಯಂತ್ರಕ ಚಿಪ್) ಬರುವ 1ನೇ ಪೋರ್ಟ್‌ಗೆ ಬದಲಿಸಿದ ಕೂಡಲೇ ಬಯೋಸ್‌ನಲ್ಲಿ ಡಿಸ್ಕ್‌ನ ಮಾಡೆಲ್ ನಂಬರ್ ಕಾಣಿಸಿತು.

ಎರಡನೇ ತಡೆ: ಬಯೋಸ್‌ನಲ್ಲಿದೆ, ದಿಸ್ ಪಿಸಿಯಲ್ಲಿಲ್ಲ

ಇದು ದೋಷವಲ್ಲ. ಹೊಸ ಡಿಸ್ಕ್ ಬರೀ ಬಯಲಿದ್ದಂತೆ. ಗಡಿ ಹಾಕಿ ಹೆಸರಿಡುವವರೆಗೆ ವಿಂಡೋಸ್ ಅದಕ್ಕೆ ಅಕ್ಷರ ಕೊಡುವುದಿಲ್ಲ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ, ಇನಿಷಿಯಲೈಸ್ (ಬಳಕೆಗೆ ಅಣಿ) ಮಾಡಬೇಕೇ ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ.

ಇಲ್ಲಿ ಕಣ್ಣಿಟ್ಟು ನೋಡಬೇಕಾದ ಒಂದು ವಿಷಯವಿದೆ. ಮೊದಲಿನಿಂದ ಡಿಸ್ಕ್ 0 ಆಗಿದ್ದ ಎಸ್‌ಎಸ್‌ಡಿ ಈಗ ಡಿಸ್ಕ್ 1 ಆಗಿತ್ತು, ಹೊಸ ಡಿಸ್ಕ್‌ಗೆ 0 ಬಂದಿತ್ತು. ಸಾಟಾ ಡಿಸ್ಕ್ ಸೇರಿದಾಗ ಹೀಗೆ ನಂಬರ್ ಅದಲುಬದಲಾಗುವುದು ಮಾಮೂಲು. 'ಹೊಸದು ಯಾವಾಗಲೂ 1' ಎಂದು ನಂಬಿ, ಇನ್‌ಸ್ಟಾಲ್ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ ಡಿಸ್ಕ್‌ಪಾರ್ಟ್ ಎಂಬ ತಂತ್ರಾಂಶದಲ್ಲಿ ಎಲ್ಲವನ್ನೂ ಅಳಿಸುವ ಕ್ಲೀನ್ ಆದೇಶ ಕೊಟ್ಟರೆ ವಿಂಡೋಸ್ ಇರುವ ಡಿಸ್ಕೇ ಅಳಿಸಿಹೋಗುತ್ತದೆ. ನಂಬರ್ ನೋಡಬೇಡಿ, ಗಾತ್ರ ನೋಡಿ. 238 ಜಿಬಿ ಇರುವುದು ಎಸ್‌ಎಸ್‌ಡಿ, 3726 ಜಿಬಿಯ ಆಸುಪಾಸಿನದು ಹೊಸತು. 4 ಟಿಬಿ ಎಂದು ಕೊಂಡದ್ದು 3.63 ಟಿಬಿ ಎಂದು ಕಾಣುವುದಕ್ಕೆ ಹೆದರಬೇಕಿಲ್ಲ. ಕಂಪನಿ ಒಂದು ಟಿಬಿಗೆ ಲಕ್ಷ ಕೋಟಿ ಬೈಟ್ ಎಣಿಸುತ್ತದೆ, ವಿಂಡೋಸ್ 1024ರ ಗುಣಕದಲ್ಲಿ ಎಣಿಸುತ್ತದೆ.

ಪಾರ್ಟಿಷನ್ (ಡಿಸ್ಕ್‌ನ ಭಾಗ) ಪಟ್ಟಿಯ ಬಗೆ ಜಿಪಿಟಿ. ಹಳೇ ಬಗೆಯಾದ ಎಂಬಿಆರ್‌ನಲ್ಲಿ ಸೆಕ್ಟರ್ (ಡಿಸ್ಕ್‌ನ ಅತಿ ಚಿಕ್ಕ ತುಣುಕು) ಎಣಿಕೆಗೆ ಇರುವುದು 32 ಬಿಟ್. 512 ಬೈಟ್‌ನ ಸೆಕ್ಟರ್ ಆದರೆ 2048 ಜಿಬಿಗೇ ಲೆಕ್ಕ ಮುಗಿಯುತ್ತದೆ, ಉಳಿದ 1678 ಜಿಬಿ ಕಪ್ಪು ಪಟ್ಟಿಯಾಗಿ ಕೂರುತ್ತದೆ. ತಪ್ಪಿ ಎಂಬಿಆರ್ ಒತ್ತಿದ್ದರೆ, ಡಿಸ್ಕ್ ಖಾಲಿ ಇರುವಾಗಲೇ ಪಾರ್ಟಿಷನ್ ಅಳಿಸಿ ಜಿಪಿಟಿಗೆ ಬದಲಿಸಬಹುದು.

ಆಮೇಲೆ ನ್ಯೂ ಸಿಂಪಲ್ ವಾಲ್ಯೂಮ್, ಫೈಲ್ ವ್ಯವಸ್ಥೆಯಾಗಿ ಎನ್‌ಟಿಎಫ್‌ಎಸ್, ಅಲೊಕೇಷನ್ ಗಾತ್ರ ಇದ್ದಂತೆಯೇ. ನಮ್ಮಲ್ಲಿ ಡಿಸ್ಕನ್ನು ಡಿ, ಇ, ಎಫ್ ಎಂದು ಮೂರು ನಾಲ್ಕು ಭಾಗ ಮಾಡುವ ರೂಢಿ ಇನ್ನೂ ಇದೆ. ಇಲ್ಲಿ ಒಂದೇ ಭಾಗ ಮಾಡಲಾಯಿತು. ಭಾಗ ಮಾಡಿದರೆ ರಕ್ಷಣೆ ಹೆಚ್ಚುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಡಿಸ್ಕ್ ಕೆಟ್ಟರೆ ನಾಲ್ಕೂ ಭಾಗ ಒಟ್ಟಿಗೇ ಹೋಗುತ್ತವೆ. ಅಲ್ಲಿಯವರೆಗೆ ಒಂದರಲ್ಲಿ ಜಾಗ ಸಾಲದು, ಇನ್ನೊಂದರಲ್ಲಿ ಖಾಲಿ ಬಿದ್ದಿರುತ್ತದೆ. ಅಕ್ಷರವಾಗಿ ಎಂ ಕೊಟ್ಟರು. ಪೆನ್ ಡ್ರೈವ್, ಕಾರ್ಡ್ ರೀಡರ್‌ಗಳು ಮೊದಲ ಅಕ್ಷರಗಳನ್ನೇ ಹಿಡಿಯುವುದರಿಂದ ದೂರದ ಅಕ್ಷರ ಒಳ್ಳೆಯದು. ಒಮ್ಮೆ ಕೊಟ್ಟ ಮೇಲೆ ಬದಲಿಸಬಾರದು.

ತುಂಬುವ ಮುನ್ನ ಪರೀಕ್ಷೆ

ಕ್ವಿಕ್ ಫಾರ್ಮ್ಯಾಟ್ ಕೆಲವೇ ಕ್ಷಣದಲ್ಲಿ ಮುಗಿಯುತ್ತದೆ, ಆದರೆ ಡಿಸ್ಕ್‌ನ ಮೈಯನ್ನು ಅದು ನೋಡುವುದೇ ಇಲ್ಲ. ಕ್ವಿಕ್ ಎಂಬ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಕೊಟ್ಟರೆ ಪ್ರತಿ ಸೆಕ್ಟರ್‌ಗೂ ಸೊನ್ನೆ ಬರೆಯುತ್ತದೆ. ಸರಾಸರಿ ಸೆಕೆಂಡಿಗೆ 150 ಎಂಬಿ ಅಂದರೂ 4 ಟಿಬಿಗೆ ಏಳೂವರೆ ಗಂಟೆ. ರಾತ್ರಿ ಬಿಟ್ಟು ಮಲಗಬಹುದು. ಮನೆಯ ಒಂದೇ ಪ್ರತಿಯ ಫೋಟೋಗಳು ಹೋಗುವ ಡಿಸ್ಕ್‌ಗೆ ಈ ಒಂದು ರಾತ್ರಿಯನ್ನು ಖಂಡಿತ ಕೊಡಬೇಕು. ಹುಟ್ಟುದೋಷವಿರುವ ಡಿಸ್ಕ್ ಇಲ್ಲೇ ಸಿಕ್ಕಿಬಿದ್ದರೆ ಅಂಗಡಿಗೆ ವಾಪಸ್ ಕೊಡುವ ಅವಧಿಯೊಳಗೇ ಗೊತ್ತಾಗುತ್ತದೆ.

ಕರೆಂಟ್ ಹೋದರೆ ಎಂಬ ಪ್ರಶ್ನೆ ಬಂತು. ಮನೆಯ ಇನ್ವರ್ಟರ್ ನಾರ್ಮಲ್ ಮೋಡ್‌ನಲ್ಲಿತ್ತು. ಅದು ಬ್ಯಾಟರಿಗೆ ಹೊರಳುವ ಆ ಕಣ್ಣೆವೆ ಹೊತ್ತಿನಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ ಪರೀಕ್ಷೆಗೆ ಬಿಟ್ಟರು.

ಮುಂಚೆ ಮತ್ತು ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶದಲ್ಲಿ ಸ್ಮಾರ್ಟ್ ಅಂಕಿಗಳನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ಬರೆದಿಟ್ಟುಕೊಂಡರು. ಹೊಸ ಡಿಸ್ಕ್‌ನಲ್ಲಿ ಪವರ್ ಆನ್ ಅವರ್ಸ್ ಸೊನ್ನೆಯೋ ಒಂದೋ ಇರಬೇಕು. ನೂರು ಗಟ್ಟಲೆ ಇದ್ದರೆ ಅದು ಹೊಸ ಡಿಸ್ಕ್ ಅಲ್ಲ. ಪೂರ್ತಿ ಫಾರ್ಮ್ಯಾಟ್ ಆದಮೇಲೂ ಕೆಟ್ಟ ಮತ್ತು ಅನುಮಾನದ ಸೆಕ್ಟರ್‌ಗಳನ್ನು ಎಣಿಸುವ 05, ಸಿ5, ಸಿ6 ಈ ಮೂರರ ರಾ ವ್ಯಾಲ್ಯೂ (ನಿಜ ಎಣಿಕೆ) ಸೊನ್ನೆಯೇ ಇರಬೇಕು. ಇತ್ತು.

ಫೋಲ್ಡರ್ ಸ್ಥಳಾಂತರ ಮತ್ತು ಪಕ್ಕದ ಬಾಗಿಲು

ಎಲ್ಲ ಸರಿಯಾಯಿತೆಂದು ಕ್ಯಾಬಿನೆಟ್‌ನ ಪಕ್ಕದ ಬಾಗಿಲು ಮುಚ್ಚಿ, ಎಂ ಡ್ರೈವ್‌ನಲ್ಲಿ ಚಿತ್ರಗಳು, ಕಡತಗಳು ಎಂಬ ಎರಡು ಫೋಲ್ಡರ್ ಮಾಡಿ 112 ಜಿಬಿಯ ನಕಲು ಶುರು ಮಾಡಿದರು. ಸ್ವಲ್ಪ ಹೊತ್ತು 150 ಎಂಬಿ ವೇಗ, ಆಮೇಲೆ ಸೊನ್ನೆಗೆ ಬಿದ್ದು ಕೆಲವು ಸೆಕೆಂಡ್ ನಿಂತು ಮತ್ತೆ ಓಟ. ಎಸ್‌ಎಂಆರ್‌ನ ಸ್ವಭಾವ ಇರಬಹುದೆಂದು ಮೊದಲು ಅನಿಸಿತು. ಆದರೆ ಪೂರ್ತಿ ಸೊನ್ನೆಗೆ ಬಿದ್ದು ನಿಲ್ಲುವುದು, ಅದೂ ನಕಲಿನ ಆರಂಭದಲ್ಲೇ, ಅದರ ಲಕ್ಷಣವಲ್ಲ. ಸ್ಮಾರ್ಟ್ ಪಟ್ಟಿಯಲ್ಲಿ ಸಿ7 ಎಂಬ ಸಾಲಿನಲ್ಲಿ ಸೊನ್ನೆ ಇದ್ದ ಜಾಗದಲ್ಲಿ 17 ಬಂದಿತ್ತು. ಈ ತಂತ್ರಾಂಶ ಅಂಕಿಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ. ಆ 17 ನಮ್ಮ ಎಣಿಕೆಯಲ್ಲಿ 23. ಸೆಟ್ಟಿಂಗ್‌ನಲ್ಲಿ ಹತ್ತರ ಎಣಿಕೆಗೆ ಬದಲಿಸಿಕೊಂಡರೆ ಗೊಂದಲವಿಲ್ಲ.

ಸಿ7 ಎಂದರೆ ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವಿನ ದಾರಿಯಲ್ಲಿ ಕೆಟ್ಟು, ಮತ್ತೆ ಕಳಿಸಬೇಕಾಗಿ ಬಂದ ಕಂತುಗಳ ಲೆಕ್ಕ. ಡಿಸ್ಕ್‌ನ ತಟ್ಟೆಗಳಿಗೂ ಇದಕ್ಕೂ ಸಂಬಂಧವಿಲ್ಲ; ಹತ್ತರಲ್ಲಿ ಒಂಬತ್ತು ಸಲ ಕೇಬಲ್‌ನದೇ ತಪ್ಪು. ಬಾಗಿಲು ತೆಗೆದಾಗ ಗೊತ್ತಾಯಿತು: ನೇರ ತಲೆಯ ಡೇಟಾ ಕೇಬಲ್ ಡಿಸ್ಕ್‌ನಿಂದ ಹೊರಚಾಚಿಕೊಂಡಿತ್ತು, ಬಾಗಿಲು ಅದನ್ನು ಒತ್ತಿ ಕನೆಕ್ಟರನ್ನು ಒಂದು ಬದಿಗೆ ವಾಲಿಸಿತ್ತು. ತಲೆ ಅಡ್ಡ ತಿರುಗಿದ ಕೇಬಲ್ ಹಾಕಿದ ಮೇಲೆ ನಿಲುಗಡೆ ಮಾಯ. ಸಿ7 ಮತ್ತೆ ಸೊನ್ನೆಗೆ ಇಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ. 23ರಲ್ಲೇ ನಿಂತಿದ್ದರೆ ಕಾಯಿಲೆ ವಾಸಿಯಾಗಿದೆ ಎಂದರ್ಥ.

ನಕಲು ಮುಗಿದು, ಎರಡೂ ಕಡೆಯ ಫೈಲ್ ಸಂಖ್ಯೆ ಮತ್ತು ಗಾತ್ರ ತಾಳೆಯಾದ ನಂತರ ಪಿಕ್ಚರ್ಸ್ ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಲೊಕೇಷನ್ ಬದಲಿಸಲಾಯಿತು. ಫೈಲ್‌ಗಳನ್ನೂ ಸಾಗಿಸಲೇ ಎಂಬ ಪ್ರಶ್ನೆಗೆ ಇಲ್ಲ ಎಂದೇ ಉತ್ತರಿಸಿ, ಹಳೆಯದನ್ನು ಆಮೇಲೆ ಕೈಯಾರೆ ಅಳಿಸಿದರು. ಇಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. ಎಂ ಡ್ರೈವ್‌ನ ಒಳಗಿನ ಚಿತ್ರಗಳು ಎಂಬ ಫೋಲ್ಡರನ್ನು ಆರಿಸುವ ಬದಲು ಎಂ ಡ್ರೈವನ್ನೇ ಆರಿಸಿದರೆ, ಡ್ರೈವಿಗೆ ಡ್ರೈವೇ ಪಿಕ್ಚರ್ಸ್ ಆಗಿಬಿಡುತ್ತದೆ. ಡಾಕ್ಯುಮೆಂಟ್ಸ್‌ಗೂ ಹಾಗೇ ಮಾಡಿದರೆ ಎರಡೂ ಒಂದರಲ್ಲೊಂದು ಬೆರೆತು, ಹಿಂದಕ್ಕೆ ತರುವುದು ಕಷ್ಟವಾಗುತ್ತದೆ. ಒನ್‌ಡ್ರೈವ್ ಈ ಫೋಲ್ಡರ್‌ಗಳ ಬ್ಯಾಕಪ್ ನೋಡಿಕೊಳ್ಳುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು. ಕಾಗದಪತ್ರದ 9 ಜಿಬಿಯೂ ಹೀಗೆಯೇ ಹೋದ ಮೇಲೆ ಸಿ ಡ್ರೈವ್‌ನಲ್ಲಿ ಈಗ 127 ಜಿಬಿ ಖಾಲಿ. ಯೂಸರ್ಸ್, ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ಗಳನ್ನು ರಿಜಿಸ್ಟ್ರಿ ತಿದ್ದಿ ಸಾಗಿಸುವ ಉಪಾಯ ಅಲ್ಲಲ್ಲಿ ಓದಲು ಸಿಗುತ್ತದೆ. ಅಪ್‌ಡೇಟ್‌ಗಳು ಎಡವಟ್ಟಾಗುವುದರಿಂದ ಅದನ್ನು ಮುಟ್ಟದಿರುವುದೇ ಒಳಿತು.

ಹಳೇ ಡಿಸ್ಕ್

ಬೀರುವಿನ 500 ಜಿಬಿ ಡಿಸ್ಕನ್ನು ತಾತ್ಕಾಲಿಕವಾಗಿ 2ನೇ ಪೋರ್ಟ್‌ಗೆ ಸಿಕ್ಕಿಸಿದರು. ಸ್ವಿಚ್ ಹಾಕಿದರೆ ಮೂಡಿದ್ದು ವಿಂಡೋಸ್ 7ರ ಲಾಂಛನ, ಅದರ ಹಿಂದೆಯೇ ನೀಲಿ ಪರದೆ. ಬಯೋಸ್‌ನಲ್ಲಿ ಹಳೇ ಪದ್ಧತಿಯ ಬೂಟ್‌ಗೆ ಅವಕಾಶ ಕೊಡುವ ಸಿಎಸ್‌ಎಂ ಆನ್ ಇತ್ತು. ಡಿಸ್ಕ್ ಸೇರಿದೊಡನೆ ಬೂಟ್ ಸರದಿ ಬದಲಾಗಿ ಅದೇ ಮೊದಲಾಗಿತ್ತು. ವಿಂಡೋಸ್ ಬೂಟ್ ಮ್ಯಾನೇಜರ್ ಎಂಬುದನ್ನು ಸರದಿಯಲ್ಲಿ ಮೊದಲಿಗೆ ತಂದರೆ ಸಾಕು. ವಿಂಡೋಸ್ 11ರಲ್ಲಿ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕ್‌ಗೆ ಗೂಢಲಿಪಿಯ ಬೀಗ) ಇರುವ ಯಂತ್ರವಾದರೆ, ಬೂಟ್ ಸೆಟ್ಟಿಂಗ್ ಮುಟ್ಟುವ ಮೊದಲೇ ಆ ಬೀಗ ತೆರೆಯುವ ಬಿಟ್‌ಲಾಕರ್ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.

ಸ್ಮಾರ್ಟ್ ನೋಡಿದರೆ ಸಿ5 ಸಾಲಿನಲ್ಲಿ 8. ಓದಲು ಕಷ್ಟವಾಗಿ, ಏನು ಮಾಡುವುದೆಂದು ತೀರ್ಮಾನವಾಗದೆ ಉಳಿದ ಎಂಟು ಸೆಕ್ಟರ್‌ಗಳು. ಇಂಥ ಡಿಸ್ಕ್‌ಗೆ ಮೊದಲು ಚೆಕ್‌ಡಿಸ್ಕ್ ಓಡಿಸಬಾರದು. ಅದು ಸರಿಪಡಿಸುವ ಹೆಸರಲ್ಲಿ ಇಡೀ ಡಿಸ್ಕನ್ನು ಉಜ್ಜುತ್ತದೆ, ಫೈಲ್ ವ್ಯವಸ್ಥೆಯನ್ನೂ ತಿದ್ದುತ್ತದೆ. ಮೊದಲು ನಕಲು, ಅದರಲ್ಲೂ ಮುಖ್ಯವಾದದ್ದು ಮೊದಲು.

ಹಳೇ ಬಳಕೆದಾರನ ಫೋಲ್ಡರ್ ತೆರೆದರೆ ಅನುಮತಿ ಇಲ್ಲ ಎನ್ನುತ್ತದೆ. ಕಂಟಿನ್ಯೂ ಒತ್ತಿದರೆ ಪ್ರತಿ ಫೈಲ್‌ನ ಅನುಮತಿಯನ್ನೂ ಅದೇ ಬಡ ಡಿಸ್ಕ್ ಮೇಲೆ ತಿರುಗಿ ಬರೆಯುತ್ತ ಹೋಗುತ್ತದೆ. ಅದರ ಬದಲು ಅಡ್ಮಿನ್ ಆಗಿ ತೆರೆದ ಕಮಾಂಡ್ ಕಿಟಕಿಯಿಂದ ವಿಂಡೋಸ್‌ನದೇ ನಕಲು ಆದೇಶವಾದ ರೋಬೋಕಾಪಿ ಓಡಿಸಲಾಯಿತು. ಬಳಸಿದ ಸ್ವಿಚ್‌ಗಳು (ಆದೇಶದ ಜೊತೆ ಕೊಡುವ ಸೂಚನೆಗಳು): ಒಳ ಫೋಲ್ಡರ್‌ಗಳಿಗೆ ಇ, ಅನುಮತಿ ಬದಲಿಸದೆ ಓದಲು ಬಿ, ಸುತ್ತಿ ಸುತ್ತಿ ತನ್ನೊಳಗೇ ಬರುವ ಜಂಕ್ಷನ್ ಫೋಲ್ಡರ್‌ಗಳನ್ನು ಬಿಡಲು ಎಕ್ಸ್‌ಜೆ, ಮರುಪ್ರಯತ್ನಕ್ಕೆ ಆರ್ 1, ಕಾಯುವ ಸೆಕೆಂಡ್‌ಗೆ ಡಬ್ಲ್ಯೂ 1. ಕೊನೆಯ ಎರಡನ್ನು ಮರೆಯಲೇಬಾರದು: ಏನೂ ಹೇಳದಿದ್ದರೆ ರೋಬೋಕಾಪಿ ಓದಲಾಗದ ಒಂದು ಫೈಲ್‌ಗೆ 30 ಸೆಕೆಂಡ್ ಅಂತರದಲ್ಲಿ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ. ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರ್‌ಗಳು ಇದ್ದುದರಿಂದ ವರದಿಗೆ, ಯೂನಿಕೋಡ್‌ನಲ್ಲಿ ಬರೆಯುವ ಯೂನಿಲಾಗ್ ಸ್ವಿಚ್ ಬಳಸಲಾಯಿತು. ಸಾದಾ ಲಾಗ್‌ನಲ್ಲಿ ಅವು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಿಡುತ್ತವೆ, ಯಾವ ಫೈಲ್ ತಪ್ಪಿತೆಂದು ತಿಳಿಯುವುದಿಲ್ಲ. ಎಂಐಆರ್ ಸ್ವಿಚ್ ಮಾತ್ರ ಬೇಡ. ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಗುರಿಯ ಕಡೆ ಅಳಿಸಿಹಾಕುತ್ತದೆ.

318 ಜಿಬಿ ಬರಲು ಮೂರು ಗಂಟೆಯಾಯಿತು. ಎರಡು ವಿಡಿಯೋ ಫೈಲ್ ಬರಲಿಲ್ಲ. ಎರಡನೇ ಸಲ ಓಡಿಸಿದಾಗ ಅವುಗಳಲ್ಲೊಂದು ಬಂತು.

ನುಡಿ ಕಡತಗಳನ್ನು ತೆರೆದಾಗ ಅಕ್ಷರಗಳೆಲ್ಲ ಚಿತ್ರವಿಚಿತ್ರ. ಕಡತ ಕೆಟ್ಟಿರಲಿಲ್ಲ. ಯೂನಿಕೋಡ್‌ಗೆ ಮುಂಚಿನ ನುಡಿ ಮತ್ತು ಬರಹ ಎಂಬ ತಂತ್ರಾಂಶಗಳ ಕಡತಗಳಲ್ಲಿ ಇಂಗ್ಲಿಷ್ ಸಂಕೇತಗಳಿಗೇ ಕನ್ನಡದ ರೂಪ ತೊಡಿಸಿರುತ್ತದೆ. ಆ ಫಾಂಟ್ ಇದ್ದರೆ ಮಾತ್ರ ಕನ್ನಡ. ಫಾಂಟ್‌ಗಳು ಇರುವುದು ಹಳೇ ಡಿಸ್ಕ್‌ನ ವಿಂಡೋಸ್ ಫೋಲ್ಡರ್‌ನೊಳಗಿನ ಫಾಂಟ್ಸ್‌ನಲ್ಲಿ. ಡಿಸ್ಕ್ ಬಿಚ್ಚುವ ಮುನ್ನ ಅಲ್ಲಿಂದ ನುಡಿ ಫಾಂಟ್‌ಗಳನ್ನು ಎತ್ತಿಕೊಂಡು ಹೊಸದರಲ್ಲಿ ಇನ್‌ಸ್ಟಾಲ್ ಮಾಡಿದ ಮೇಲೆ ಓದಲು ಬಂತು.

ಇನ್ನೂ ಒಂದು ಡಿಸ್ಕ್

ಈಗ 439 ಜಿಬಿ ಒಂದೆಡೆ ಸೇರಿತ್ತು. ಆದರೆ ಮನೆಯವರು ಇದನ್ನೇ ಬ್ಯಾಕಪ್ ಎಂದುಕೊಂಡಿದ್ದರು. ಸಿ ಡ್ರೈವ್‌ನಿಂದ ಅಳಿಸಿದ ಮೇಲೆ ಆ ಫೋಟೋಗಳ ಪ್ರತಿ ಮೊದಲಿನಂತೆ ಒಂದೇ. ಜಾಗ ಬದಲಾಯಿತು ಅಷ್ಟೇ. ಇನ್ನೊಂದು ಡಿಸ್ಕ್ ಹಾಕಿ ರೇಡ್ 1 (ಎರಡು ಡಿಸ್ಕ್‌ಗೂ ಒಂದೇ ಬರಹ) ಮಾಡಿದರೂ, ತಪ್ಪಿ ಅಳಿಸಿದ್ದು ಎರಡರಲ್ಲೂ ಒಟ್ಟಿಗೇ ಅಳಿಯುತ್ತದೆ, ವೈರಸ್ ಬಂದರೂ ಹಾಗೆಯೇ. 1 ಟಿಬಿಯ ಯುಎಸ್‌ಬಿ ಡಿಸ್ಕ್ ತಂದು ಪೂರ್ತಿ ನಕಲು ಮಾಡಲಾಯಿತು. ತಿಂಗಳಿಗೊಮ್ಮೆ ಸಿಕ್ಕಿಸಿ ಹೊಸದನ್ನು ಸೇರಿಸುವುದು, ಆಮೇಲೆ ಕಿತ್ತು ಬೇರೆ ಕೋಣೆಯಲ್ಲಿ ಇಡುವುದು ಎಂದು ಗೊತ್ತುಮಾಡಿದರು.

ಹಳೇ 500 ಜಿಬಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಲಿಲ್ಲ. ಬಾರದೆ ಉಳಿದ ಆ ಒಂದು ವಿಡಿಯೋದ ಹೆಸರು ಮತ್ತು ತಾರೀಖನ್ನು ಚೀಟಿಯಲ್ಲಿ ಬರೆದು ಅದರ ಮೇಲಂಟಿಸಿ ಬೀರುವಿನಲ್ಲೇ ಇಟ್ಟಿದ್ದಾರೆ. ಒಂದು ತಿಂಗಳ ನಂತರ ಹೊಸ ಡಿಸ್ಕ್‌ನ ಸಿ7 ಇನ್ನೂ 23ರಲ್ಲೇ ಇತ್ತು, ಬಿಸಿ 38 ಡಿಗ್ರಿ.